ಪ್ರಶ್ನೆ ಕೇಳಿದ ಮಗುವಿಗೆ ‘ಕುಂದ್ರು’ ಎನ್ನಬೇಡಿ



ನಾನು ಗಣಿತದ ಮಾಸ್ತರನಲ್ಲ. ನೀರಾವರಿ ಕಾಮಗಾರಿಗಳಲ್ಲಿ 34 ವರ್ಷ ಸರ್ಕಾರಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಕಾಲುವೆ, ತೂಬು, ಅಡಿಪಾಯ, ಅಂದಾಜು ಪತ್ರಿಕೆ ಇವುಗಳಲ್ಲೇ ಆಯುಷ್ಯ ಕಳೆಯಿತು. ಗಣಿತದ ಬಗ್ಗೆ ಈ ಪತ್ರಿಕೆಗೆ ಬರೆಯುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ. ಬರೆಯುವಂತೆ ಮಾಡಿದವಳು ನಮ್ಮ ಓಣಿಯ ಒಬ್ಬ ಹುಡುಗಿ.

ಆಕೆಯ ತಂದೆ ಗೂಡ್ಸ್ ಗಾಡಿ ಓಡಿಸುತ್ತಾರೆ. ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹುಡುಗಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲಿ ಒಳ್ಳೆಯ ಅಂಕ ಪಡೆದು, ಆಸೆಯಿಂದ ಪಿಯುಸಿ ವಿಜ್ಞಾನಕ್ಕೆ ಸೇರಿದ್ದಳು. ಕಳೆದ ವರ್ಷ ಕಾರ್ತಿಕದ ಒಂದು ಸಂಜೆ ತಾಯಿ ನನ್ನ ಮನೆಯವರ ಕುಪ್ಪಸ ಕೊಡಲು ಬಂದವರು ಮಗಳನ್ನೂ ಕರೆದುಕೊಂಡು ಬಂದಿದ್ದರು.

“ಸಾಹೇಬ್ರ, ಈಕಿಗೆ ಸ್ವಲ್ಪ ಬುದ್ಧಿ ಹೇಳ್ರಿ. ಸೈನ್ಸ್ ಬ್ಯಾಡ, ಆರ್ಟ್ಸಿಗೆ ಹೋಗ್ತೀನಿ ಅಂತಾಳ. ಅವರಪ್ಪಾರೂ ಹೂಂ ಅಂದಾರ” ಎಂದರು.

ಯಾಕವಾ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನೆಲ ನೋಡುತ್ತಲೇ ಹೇಳಿದಳು: “ಕ್ಲಾಸಿನ್ಯಾಗ ಒಂದ್ ಮಾತ್ ಕೇಳಿದ್ನಿರಿ ಅಜ್ಜಾರ. ಎಲ್ಲಾರೂ ನಕ್ಕರು.”

“ಏನ್ ಕೇಳಿದಿ?”

“ಡೆಲ್ಟಾ ಎಕ್ಸ್ ಅಂತ ಒಂದ್ ಸಣ್ಣದ್ ತಗೋತಾರಲ್ರಿ. ಮೊದ್ಲ ಅದರ್ಲಿಂದ ಭಾಗಸ್ತಾರ. ಅಂದ್ರ ಅದು ಸೊನ್ನಿ ಅಲ್ಲ. ಕಡೀಕ ಅದನ್ನ ಸೊನ್ನಿ ಅಂತ ಬಿಟ್ಟಬಿಡ್ತಾರ. ಹಂಗಾರ ಅದು ಸೊನ್ನಿನೋ, ಅಲ್ಲೋ?”

ಅವಳಿಗೆ ಸಿಕ್ಕ ಉತ್ತರ: “ಇದು ಪರೀಕ್ಷಾದಾಗ ಬರೂದಿಲ್ಲ. ಕುಂದ್ರು. ಸೂತ್ರ ಬಾಯಿಪಾಠ ಮಾಡು.” ಆ ದಿನದಿಂದ ತರಗತಿಯ ಹುಡುಗರು ಅವಳನ್ನು ‘ಸೊನ್ನಿ’ ಎಂದೇ ಕರೆಯತೊಡಗಿದರಂತೆ.

ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಅವಳ ಪ್ರಶ್ನೆಗೆ ನನ್ನ ಬಳಿಯೂ ಆಗ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನೂರಾರು ಡಿವೈ ಬೈ ಡಿಎಕ್ಸ್ ಲೆಕ್ಕ ಬಿಡಿಸಿದವನು ನಾನು. ಆದರೆ ಆ ಸಣ್ಣದು ಸೊನ್ನೆಯೋ ಅಲ್ಲವೋ ಎಂದು ನಾನು ಯಾರನ್ನೂ ಕೇಳಿರಲಿಲ್ಲ. “ನಾಳೆ ಬಾ ತಂಗಿ, ನಾನೂ ಓದಿಕೊಂಡಿರ್ತೀನಿ” ಎಂದು ಕಳಿಸಿ, ಟ್ರಂಕಿನಲ್ಲಿದ್ದ ಹಳೆಯ ಪುಸ್ತಕ ತೆಗೆದೆ.

ಬಾವಿಗೆ ಬಿದ್ದ ಕಲ್ಲು

ಮರುದಿನ ಬಾವಿಯಿಂದ ಶುರು ಮಾಡಿದೆವು. ಬಾವಿಗೆ ಕಲ್ಲು ಬಿಟ್ಟರೆ ಅದು ಬೀಳುತ್ತಾ ಬೀಳುತ್ತಾ ಜೋರಾಗುತ್ತದೆ. ಅದರ ವೇಗ ಪ್ರತಿ ಸೆಕೆಂಡಿಗೆ 9.8 ಮೀಟರಿನಂತೆ ಹೆಚ್ಚುತ್ತದೆ. ಲೆಕ್ಕ ಸುಲಭವಾಗಲಿ ಎಂದು 10 ಎಂದು ಹಿಡಿದೆವು. ಆಗ ಬಿದ್ದ ದೂರ ಎಂದರೆ ಸಮಯದ ವರ್ಗದ 5 ಪಟ್ಟು. ಒಂದು ಸೆಕೆಂಡಿಗೆ 5 ಮೀಟರ್, ಎರಡು ಸೆಕೆಂಡಿಗೆ 20 ಮೀಟರ್.

ಈಗ ಪ್ರಶ್ನೆ: ಸರಿಯಾಗಿ ಒಂದನೆಯ ಸೆಕೆಂಡು ಮುಗಿದ ಆ ಕ್ಷಣದಲ್ಲಿ ಕಲ್ಲಿನ ವೇಗ ಎಷ್ಟು?

ವೇಗ ಎಂದರೆ ದೂರವನ್ನು ಸಮಯದಿಂದ ಭಾಗಿಸಿದ್ದು. ಒಂದೇ ಕ್ಷಣದಲ್ಲಿ ಕಲ್ಲು ಎಷ್ಟು ದೂರ ಹೋಗುತ್ತದೆ? ಸೊನ್ನೆ. ಎಷ್ಟು ಸಮಯ ಕಳೆಯುತ್ತದೆ? ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಎಂದರೆ ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಕ್ಷಣವನ್ನು ಬಿಟ್ಟು ಒಂದು ಚಿಕ್ಕ ಅಂತರ ತೆಗೆದುಕೊಳ್ಳುತ್ತೇವೆ. ಅವಳೇ ಲೆಕ್ಕ ಹಾಕಿದಳು.

1ರಿಂದ 2 ಸೆಕೆಂಡಿನವರೆಗೆ ಸರಾಸರಿ ವೇಗ 15 ಮೀಟರ್. 1ರಿಂದ 1.1ರವರೆಗೆ 10.5. 1ರಿಂದ 1.01ರವರೆಗೆ 10.05. 1ರಿಂದ 1.001ರವರೆಗೆ 10.005.

“ಹತ್ತಕ್ಕ ಬರಾಕತ್ತೈತ್ರಿ” ಎಂದಳು. ಮುಖದಲ್ಲಿ ಮೊದಲ ಸಲ ಬೆಳಕು ಕಂಡಿತು.

ಸರಾಸರಿ ವೇಗ ಯಾವಾಗಲೂ 10ರ ಜೊತೆಗೆ ಆ ಅಂತರದ 5 ಪಟ್ಟು ಸೇರಿದಷ್ಟು. ಅಂತರ ಸೊನ್ನೆಯಲ್ಲ, ಹಾಗಾಗಿ ಭಾಗಿಸಿದ್ದರಲ್ಲಿ ತಪ್ಪಿಲ್ಲ. ಆಮೇಲೆ ನಾವು ಅದನ್ನು ಸೊನ್ನೆ ಮಾಡುವುದೂ ಇಲ್ಲ. ಬೇರೆ ಒಂದು ಪ್ರಶ್ನೆ ಕೇಳುತ್ತೇವೆ: ಅಂತರ ಚಿಕ್ಕದಾಗುತ್ತಾ ಹೋದಂತೆ ಉತ್ತರ ಯಾವ ಸಂಖ್ಯೆಯ ಕಡೆಗೆ ಸಾಗುತ್ತಿದೆ? ಆ ಸಂಖ್ಯೆಯೇ ಲಿಮಿಟ್.

ಇಲ್ಲಿ ಅವಳಿಗಿದ್ದ ಇನ್ನೊಂದು ತೊಡಕು ಗೊತ್ತಾಯಿತು. “ಲಿಮಿಟ್ ಅಂದ್ರ ಸ್ಪೀಡ್ ಲಿಮಿಟ್ ಇದ್ಧಂಗ, ದಾಟಬಾರದ ಗೆರಿ ಅಂದ್ಕೊಂಡಿದ್ನಿರಿ” ಎಂದಳು. ಹತ್ತು ವರ್ಷ ಕನ್ನಡದಲ್ಲಿ ಗಣಿತ ಕಲಿತ ಮಗುವಿನ ಮುಂದೆ ಒಮ್ಮೆಲೇ ಇಂಗ್ಲಿಷ್ ಶಬ್ದ ಇಟ್ಟು, ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ಅವಳು ತನಗೆ ಗೊತ್ತಿದ್ದ ಅರ್ಥವನ್ನೇ ಹಚ್ಚಿಕೊಂಡಿದ್ದಳು. ನಮ್ಮ ಪುಸ್ತಕಗಳ ‘ಮಿತಿ’ ಎಂಬ ಶಬ್ದದಲ್ಲೂ ಇದೇ ಅಪಾಯ ಇದೆ. ಗಡಿ ಎಂಬ ಅರ್ಥವನ್ನು ಬಿಟ್ಟು ‘ಎತ್ತ ಸಾಗಿದೆ’ ಎಂದು ಹೇಳಿದ ಮೇಲೆ ಅವಳಿಗೆ ಸರಿಹೋಯಿತು.

ಆಮೇಲೆ ಒಂದು ಪಂದ್ಯ ಕಟ್ಟಿದೆವು. ನಾನು ಹಟಮಾರಿ ಲೆಕ್ಕಾಧಿಕಾರಿ. “ನಿನ್ನ ಉತ್ತರ 10ರಿಂದ 0.001ಕ್ಕಿಂತ ಕಡಿಮೆ ದೂರದಲ್ಲಿರಬೇಕು, ಮಾಡಿ ತೋರಿಸು” ಎಂದೆ. ಅವಳು ಲೆಕ್ಕ ಹಾಕಿ “ಅಂತರ 0.0002 ಸೆಕೆಂಡಿಗಿಂತ ಕಡಿಮಿ ತಗೋರಿ” ಎಂದಳು. ನಾನು ಇನ್ನೂ ಬಿಗಿ ಮಾಡಿದೆ. ಅವಳು ಅಂತರವನ್ನು ಇನ್ನೂ ಚಿಕ್ಕದು ಮಾಡಿದಳು. ನಾನು ಎಷ್ಟೇ ಬಿಗಿ ಮಾಡಿದರೂ ಅವಳಲ್ಲಿ ಉತ್ತರ ಇರುತ್ತದೆ ಎಂದಾದಾಗ ನಾನು ಸೋತೆ. ಇದೇ ಲಿಮಿಟ್ಟಿನ ನಿಜವಾದ ಅರ್ಥ. ಇದರಲ್ಲಿ ಸೊನ್ನೆಯಿಂದ ಭಾಗಿಸುವುದು ಎಲ್ಲಿಯೂ ಬರುವುದಿಲ್ಲ.

ನಕ್ಕವರಿಗೆ ಗೊತ್ತಿರದ ಚರಿತ್ರೆ

ಆ ರಾತ್ರಿ ಓದುವಾಗ ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಈ ಹುಡುಗಿ ಕೇಳಿದ್ದು ದಡ್ಡ ಪ್ರಶ್ನೆಯೇ ಅಲ್ಲ. ಯುರೋಪಿನ ದೊಡ್ಡ ದೊಡ್ಡ ಗಣಿತಜ್ಞರನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಕಾಡಿದ ಪ್ರಶ್ನೆ ಅದು.

ಲೈಬ್ನಿಟ್ಸ್ ಕ್ಯಾಲ್ಕುಲಸ್ ಕುರಿತ ತನ್ನ ಮೊದಲ ಲೇಖನ ಪ್ರಕಟಿಸಿದ್ದು 1684ರಲ್ಲಿ. ನ್ಯೂಟನ್ನನ ‘ಪ್ರಿನ್ಸಿಪಿಯಾ’ ಬಂದದ್ದು 1687ರಲ್ಲಿ. ಇಬ್ಬರ ಲೆಕ್ಕಗಳೂ ಸರಿ ಉತ್ತರ ಕೊಡುತ್ತಿದ್ದವು. ಆದರೆ 1734ರಲ್ಲಿ ಐರ್ಲೆಂಡಿನ ಧರ್ಮಗುರು ಜಾರ್ಜ್ ಬರ್ಕ್ಲಿ ಒಂದು ಪುಸ್ತಕ ಬರೆದು ನೇರವಾಗಿ ಕೇಳಿದ: ಆ ಸಣ್ಣ ಪರಿಮಾಣ ಸೊನ್ನೆಯಾದರೆ ಅದರಿಂದ ಭಾಗಿಸಿದ್ದು ಹೇಗೆ, ಸೊನ್ನೆಯಲ್ಲವಾದರೆ ಕೊನೆಗೆ ಅದನ್ನು ಬಿಟ್ಟದ್ದು ಹೇಗೆ? ಅವನ ಉದ್ದೇಶ ಬೇರೆ ಇದ್ದಿರಬಹುದು. ಪ್ರಶ್ನೆ ಮಾತ್ರ ಸರಿಯಾಗಿತ್ತು. ನಮ್ಮ ಓಣಿಯ ಹುಡುಗಿಯ ಪ್ರಶ್ನೆಯೂ ಅದೇ.

ಫ್ರಾನ್ಸಿನ ಕೋಶಿ 1821ರಲ್ಲಿ ಲಿಮಿಟ್ಟಿನ ಆಧಾರದ ಮೇಲೆ ಈ ಶಾಸ್ತ್ರವನ್ನು ಕಟ್ಟಿ ತೋರಿಸಿದ. ಅಂದರೆ ಲೈಬ್ನಿಟ್ಸನ ಲೇಖನದಿಂದ 137 ವರ್ಷಗಳ ಮೇಲೆ. ನಾವು ಆಡಿದ ಪಂದ್ಯದಂಥ ಬಿಗಿಯಾದ ರೂಪ ಅದಕ್ಕೆ ಪೂರ್ತಿಯಾಗಿ ಬಂದದ್ದು ಜರ್ಮನಿಯ ವೈಯರ್‌ಸ್ಟ್ರಾಸ್‌ನಿಂದ. ಆತ ಹತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲಾ ಮಾಸ್ತರನಾಗಿದ್ದವನು. ಜಗತ್ತು ಶತಮಾನ ಕಳೆದು ಉತ್ತರ ಕಂಡುಕೊಂಡ ಪ್ರಶ್ನೆಯನ್ನು ನಾವು ಒಂದು ನಿಮಿಷದಲ್ಲಿ ‘ಕುಂದ್ರು’ ಎಂದು ಮುಗಿಸಿದೆವು.

ಇದನ್ನು ಓದಿದ ಕೂಡಲೇ ಕೆಲವರು “ಎಲ್ಲಾ ನಮ್ಮವರಿಗೇ ಮೊದಲು ಗೊತ್ತಿತ್ತು” ಎಂದು ಹೇಳಬಹುದು. ಅಷ್ಟು ದೊಡ್ಡ ಮಾತು ಬೇಡ. ಗೊತ್ತಿದ್ದಷ್ಟನ್ನು ಸರಿಯಾಗಿ ಹೇಳೋಣ. ಭಾಸ್ಕರಾಚಾರ್ಯ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆ ಕ್ಷಣದ ವೇಗವನ್ನು ಲೆಕ್ಕ ಹಾಕುತ್ತಾರೆ. ಕೇರಳದ ಸಂಗಮಗ್ರಾಮದ ಮಾಧವ 14ನೆಯ ಶತಮಾನದಲ್ಲಿ ಮುಗಿಯದ ಶ್ರೇಣಿಗಳ ಮೂಲಕ ವೃತ್ತದ ಪರಿಧಿಯನ್ನು ಲೆಕ್ಕ ಹಾಕಿದ. ಅದೇ ಪರಂಪರೆಯ ಜ್ಯೇಷ್ಠದೇವ 16ನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ ಬರೆದ. ಸೂತ್ರ ಕೊಟ್ಟು ಸುಮ್ಮನಾಗದೆ, ಅದು ಯಾಕೆ ಸರಿ ಎಂಬ ಯುಕ್ತಿಯನ್ನೂ ಕೊಟ್ಟ. ಅದೂ ಸಂಸ್ಕೃತದಲ್ಲಲ್ಲ, ಮಲಯಾಳ ಗದ್ಯದಲ್ಲಿ. ನಮ್ಮ ಕನ್ನಡದಲ್ಲೇ 12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದಿದ್ದಾನೆ. ಶರಣರು ಜನರ ಮಾತಿನಲ್ಲಿ ಜನರಿಗೆ ಹೇಳಿದ ಶತಮಾನವೂ ಅದೇ. ಹೆಮ್ಮೆ ಪಡುವುದಾದರೆ ಇದಕ್ಕೆ ಪಡೋಣ: ನಮ್ಮಲ್ಲಿ ಕೆಲವರು ಕಾರಣವನ್ನು ಕೇಳಿದರು, ಮತ್ತು ಅದನ್ನು ಮನೆಮಾತಿನಲ್ಲಿ ಹೇಳಿದರು.

ಗಾಡಿ, ಡಬ್ಬಿ, ಮಳೆ

ಸೊನ್ನೆಯ ಗಂಟು ಬಿಚ್ಚಿದ ಮೇಲೆ ಪ್ರಶ್ನೆಗಳ ಸಾಲೇ ಬಂತು.

“ಅಪ್ಪಾರ ಗಾಡಿ ಮುಳ್ಳು ತೋರಸೂದು ಯಾವಾಗಿನ ವೇಗರಿ?” ಎಂದಳು. ನಿಜವಾದ ಕ್ಷಣದ ವೇಗವನ್ನು ಯಾವ ಮುಳ್ಳೂ ಅಳೆಯಲಾರದು. ಗಾಲಿ ಒಂದು ಚಿಕ್ಕ ಅವಧಿಯಲ್ಲಿ ಎಷ್ಟು ತಿರುಗಿತು ಎಂಬುದರ ಮೇಲೆಯೇ ಅದು ನಿಂತಿದೆ. 1ರಿಂದ 1.01 ಸೆಕೆಂಡಿನ ನಮ್ಮ ಲೆಕ್ಕದ ಹಾಗೆಯೇ.

ಇನ್ನೊಂದು ದಿನ ಬ್ರೇಕಿನ ವಿಷಯ ಬಂತು. ವೇಗ ಇಮ್ಮಡಿಯಾದರೆ ಗಾಡಿ ನಿಲ್ಲಲು ಬೇಕಾಗುವ ದೂರ ಎಷ್ಟಾಗುತ್ತದೆ? ಅವಳು ಇಮ್ಮಡಿ ಎಂದಳು. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆವು. ಅಡ್ಡಕ್ಕೆ ಸಮಯ, ನಿಲುವಿಗೆ ವೇಗ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಬ್ರೇಕು ಪ್ರತಿ ಸೆಕೆಂಡಿಗೆ 5 ಮೀಟರಿನಷ್ಟು ವೇಗ ಇಳಿಸಿದರೆ 2 ಸೆಕೆಂಡಿಗೆ ಗಾಡಿ ನಿಲ್ಲುತ್ತದೆ. ಗೆರೆಯ ಕೆಳಗಿನ ತ್ರಿಕೋನದ ಕ್ಷೇತ್ರಫಲವೇ ಗಾಡಿ ಹೋದ ದೂರ: 10 ಮೀಟರ್. ಗಂಟೆಗೆ 72 ಕಿ.ಮೀ. ಆದರೆ ತ್ರಿಕೋನದ ಎತ್ತರವೂ ಇಮ್ಮಡಿ, ತಳವೂ ಇಮ್ಮಡಿ. ದೂರ 40 ಮೀಟರ್, ನಾಲ್ಕು ಪಟ್ಟು! ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಮುನ್ನ ಗಾಡಿ ಓಡಿದ ದೂರ ಬೇರೆ. ಸಮಯ ಕಳೆದಂತೆ ಸೇರುತ್ತಾ ಹೋಗುವ ಚೂರುಗಳನ್ನೆಲ್ಲ ಕೂಡಿಸುವ ಈ ಲೆಕ್ಕಕ್ಕೇ ಪುಸ್ತಕದಲ್ಲಿ ಇಂಟಿಗ್ರೇಷನ್, ಅನುಕಲನ ಎನ್ನುತ್ತಾರೆ.

ಅವಳು ಇದನ್ನು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದಳಂತೆ. ಮರುದಿನ ಬೆಳಿಗ್ಗೆ ಅವಳ ತಂದೆ ಗಾಡಿಯನ್ನು ನಮ್ಮ ಮನೆ ಮುಂದೆ ನಿಲ್ಲಿಸಿ ಕೇಳಿದರು: “ಸಾಹೇಬ್ರ, ಖಾಲಿ ಇದ್ದಾಗಿನ ಮಾತ್ ಆತು. ಲೋಡ್ ಇದ್ರ?” ಎಂಥ ಒಳ್ಳೆಯ ಪ್ರಶ್ನೆ! ಭಾರ ಹೆಚ್ಚಿದರೆ ಗಾಲಿಗೆ ರಸ್ತೆಯ ಹಿಡಿತವೂ ಹೆಚ್ಚುತ್ತದೆ. ಆದರೆ ಬ್ರೇಕು ತಡೆಯಬೇಕಾದ ಶಕ್ತಿಯೂ ಹೆಚ್ಚು. ಬ್ರೇಕು ಕಾದು ಸೋತರೆ ದೂರ ಇನ್ನೂ ಬೆಳೆಯುತ್ತದೆ. ನಾವಿಬ್ಬರೂ ರಸ್ತೆಯಲ್ಲೇ ನಿಂತು ಅರ್ಧ ಗಂಟೆ ಮಾತಾಡಿದೆವು. ಹೊರಡುವಾಗ ಅವರು “ಈಕಿ ಸೈನ್ಸಿನ್ಯಾಗ ಇರ್ಲಿ ಬಿಡ್ರಿ” ಎಂದರು. ನಾನು ಅದರ ಬಗ್ಗೆ ಒಂದು ಮಾತೂ ಎತ್ತಿರಲಿಲ್ಲ.

ಆಮೇಲೆ ಅಡುಗೆ ಎಣ್ಣೆಯ ಖಾಲಿ ಡಬ್ಬಿಗೆ ತಳದ ಹತ್ತಿರ ಮೊಳೆಯಿಂದ ತೂತು ಮಾಡಿ, ತೂತಿನಿಂದ 20 ಸೆಂಟಿಮೀಟರ್ ಎತ್ತರಕ್ಕೆ ನೀರು ತುಂಬಿದೆವು. ಮೇಲಿನ ಅರ್ಧ ನೀರು ಇಳಿಯಲು ನಾಲ್ಕೂವರೆ ನಿಮಿಷ ಹಿಡಿಯಿತು. ಕೆಳಗಿನ ಅರ್ಧಕ್ಕೂ ಅಷ್ಟೇ ಎಂದಿದ್ದಳು. ಹನ್ನೊಂದು ನಿಮಿಷ ದಾಟಿತು! ನೀರಿನ ಮಟ್ಟ ಇಳಿದಂತೆ ಅದು ಹೊರಬರುವ ವೇಗವೂ ಇಳಿಯುತ್ತದೆ. ಎತ್ತರ ಕಾಲು ಭಾಗಕ್ಕೆ ಬಂದರೆ ವೇಗ ಅರ್ಧಕ್ಕೆ ಬರುತ್ತದೆ ಎಂಬ ನಿಯಮವನ್ನು ಇಟಲಿಯ ಟಾರಿಚೆಲ್ಲಿ 1644ರಲ್ಲಿ ಪ್ರಕಟಿಸಿದ. ಕ್ಷಣಕ್ಷಣಕ್ಕೂ ಬದಲಾಗುವ ಈ ವೇಗವನ್ನು ಕೂಡಿಸಿದರೆ ಕೆಳಗಿನ ಅರ್ಧಕ್ಕೆ ಮೇಲಿನ ಅರ್ಧದ 2.4 ಪಟ್ಟು ಸಮಯ ಬೇಕು ಎಂದು ಬರುತ್ತದೆ. ನಮ್ಮ ಲೆಕ್ಕದ ಪ್ರಕಾರ ಹನ್ನೊಂದು ನಿಮಿಷದ ಒಳಗೇ ಮುಗಿಯಬೇಕಿತ್ತು. ಸ್ವಲ್ಪ ಮೀರಿದ್ದು ಕೊನೆಯಲ್ಲಿ ಧಾರೆ ಕಡಿದು ಹನಿ ಹನಿ ಬಿದ್ದದ್ದರಿಂದ. ಆ ವ್ಯತ್ಯಾಸ ಯಾಕೆ ಎಂದು ಕೇಳಿದವಳೂ ಅವಳೇ.

ಮಳೆಯ ಬಗ್ಗೆ ಕೇಳಿದಳು. ಒಂದು ಕಿಲೋಮೀಟರ್ ಮೇಲಿನಿಂದ ಬೀಳುವ ಹನಿ ಗಾಳಿಯ ತಡೆ ಇಲ್ಲದಿದ್ದರೆ ಗಂಟೆಗೆ 500 ಕಿ.ಮೀ. ವೇಗದಲ್ಲಿ ತಲೆಗೆ ಬಡಿಯಬೇಕು. ನಿಜದಲ್ಲಿ ದೊಡ್ಡ ಹನಿಯೂ ಗಂಟೆಗೆ ಸುಮಾರು 30 ಕಿ.ಮೀ. ಮೀರುವುದು ಕಡಿಮೆ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಹನಿಯ ಭಾರಕ್ಕೆ ಸಮವಾದ ಮೇಲೆ ವೇಗ ಏರುವುದು ನಿಲ್ಲುತ್ತದೆ. ಇಲ್ಲಿಯೂ ‘ಎತ್ತ ಸಾಗಿದೆ’ ಎಂಬ ಅದೇ ವಿಚಾರ.

ಕಾಲುವೆಯ ಕೊನೆಯ ರೈತ

ಈ ಹುಡುಗಿಗೆ ಪಾಠ ಹೇಳುವಾಗಲೆಲ್ಲ ನನಗೆ ಒಬ್ಬ ರೈತನ ನೆನಪು ಬರುತ್ತಿತ್ತು. ಅದನ್ನು ಹೇಳದೆ ಈ ಲೇಖನ ಮುಗಿಸಿದರೆ ನಾನು ಪ್ರಾಮಾಣಿಕನಲ್ಲ.

ಕಾಲುವೆಯಲ್ಲಿ ಹರಿಯುವ ನೀರಿನ ಲೆಕ್ಕಕ್ಕೆ ನಾವು ಬಳಸುವುದು ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ 1889ರಲ್ಲಿ ಮಂಡಿಸಿದ ಸೂತ್ರ. ಅದರಲ್ಲಿ ಕಾಲುವೆಯ ಒರಟುತನಕ್ಕೆ ಒಂದು ಸಂಖ್ಯೆ ಇದೆ. ಒರಟುತನ ಹೆಚ್ಚಿದಷ್ಟೂ ನೀರು ಕಡಿಮೆ. ಶುಚಿಯಾದ ಮಣ್ಣಿನ ಕಾಲುವೆಗೆ 0.0225 ಎಂದು ಪಟ್ಟಿಯಲ್ಲಿ ನೋಡಿ ನಾವು ಹಾಕುತ್ತಿದ್ದೆವು.

ಸೇವೆಗೆ ಸೇರಿದ ಕೆಲವೇ ವರ್ಷಗಳಲ್ಲಿ ಒಂದು ಉಪಕಾಲುವೆಯ ಕೊನೆಯ ತೂಬಿನ ರೈತನೊಬ್ಬ ಬಂದು ಕೇಳಿದ: “ಸಾಹೇಬ್ರ, ನಿಮ್ಮ ಕಾಗದದಾಗ ನೀರ್ ಐತಿ, ನಮ್ಮ ಹೊಲಕ್ಕ ಯಾಕ ಬರೂದಿಲ್ಲ? ನಡುವ ಹುಲ್ಲು ಬೆಳದೈತಿ, ಅದು ತಡೀತೈತೇನ್ ನೋಡ್ರಿ.” ನಾನು ಪದವಿ ಪಡೆದವನು, ಅವನು ಹೆಬ್ಬೆಟ್ಟು. “ಡಿಸೈನ್ ಸರಿ ಐತಿ, ಮ್ಯಾಲಿನವ್ರು ನೀರ್ ಕದೀತಾರ” ಎಂದು ಕಳಿಸಿದೆ. ಎರಡು ಹಂಗಾಮು ಅವನ ಹೊಲಕ್ಕೆ ನೀರು ಸರಿಯಾಗಿ ಮುಟ್ಟಲಿಲ್ಲ.

ಬಹಳ ದಿನಗಳ ಮೇಲೆ ನಾನೇ ಕಾಲುವೆಯ ಉದ್ದಕ್ಕೂ ನಡೆದು ನೋಡಿದೆ. ಹುಲ್ಲು, ಹೂಳು. ಅಂಥ ಕಾಲುವೆಗೆ ಒರಟುತನದ ಸಂಖ್ಯೆ 0.035ರವರೆಗೂ ಹೋಗುತ್ತದೆ. ಅದನ್ನು ಸೂತ್ರದಲ್ಲಿ ಹಾಕಿದರೆ ಅದೇ ಆಳದಲ್ಲಿ ಹರಿಯುವ ನೀರು ಮೂರನೇ ಎರಡು ಭಾಗಕ್ಕಿಂತಲೂ ಕಡಿಮೆ. ಮ್ಯಾನಿಂಗ್ ಹೇಳಿದ್ದನ್ನೇ ಆ ರೈತ ಹೇಳಿದ್ದ. ನನ್ನ ಕೈಯಲ್ಲಿ ಸೂತ್ರವಿತ್ತು, ಅವನ ಕೈಯಲ್ಲಿ ಪ್ರಶ್ನೆ ಇತ್ತು. ನಾನು ಅವನಿಗೆ ಕುಂದ್ರು ಎಂದಿದ್ದೆ. ಕಾಲುವೆ ಶುಚಿ ಮಾಡಿಸಿದೆ, ನೀರು ಮುಟ್ಟಿತು. ಹೋದ ಎರಡು ಬೆಳೆ ತಿರುಗಿ ಬರಲಿಲ್ಲ.

‘ಯಾಕೆ’ ಎಂದು ಕೇಳುವ ರೂಢಿ ನನಗೆ ಕಾಲೇಜಿನಲ್ಲೇ ತಪ್ಪಿತ್ತು. ಚೌಕ ಮೂಲೆಗಳ ಕಾಲುವೆಗೆ ಅಗಲವು ಆಳದ ಎರಡು ಪಟ್ಟು ಇದ್ದರೆ ಒಳ್ಳೆಯದು ಎಂದು ಕೈಪಿಡಿಯಲ್ಲಿ ಓದಿ ವರ್ಷಗಟ್ಟಲೆ ಬಳಸಿದೆ. ಯಾಕೆ ಎಂದು ಈ ಹುಡುಗಿ ಕೇಳಿದಾಗಲೇ ಕೂತು ಬಿಡಿಸಿದ್ದು. 8 ಚದರ ಮೀಟರ್ ನೀರಿನ ಜಾಗ ಬೇಕು ಎನ್ನಿ. ಆಳ 1, ಅಗಲ 8 ಮಾಡಿದರೆ ನೀರಿಗೆ ತಾಗುವ ತಳ ಮತ್ತು ಗೋಡೆ ಸೇರಿ 10 ಮೀಟರ್. ಆಳ 4, ಅಗಲ 2 ಮಾಡಿದರೂ 10. ಆಳ 2, ಅಗಲ 4 ಮಾಡಿದರೆ 8 ಮಾತ್ರ. ತಾಗುವ ಭಾಗ ಕಡಿಮೆಯಾದಷ್ಟೂ ತಡೆ ಕಡಿಮೆ, ಕಾಂಕ್ರೀಟಿನ ಖರ್ಚೂ ಕಡಿಮೆ. ಇಳಿಯುತ್ತಾ ಬಂದದ್ದು ಏರಲು ಶುರುವಾಗುವ ಆ ತಿರುವಿನಲ್ಲಿ ಬದಲಾವಣೆಯ ದರ ಸೊನ್ನೆ. ಡಿವೈ ಬೈ ಡಿಎಕ್ಸ್ ಸೊನ್ನೆ ಎಂದು ನಾವು ಬಾಯಿಪಾಠ ಮಾಡಿದ್ದರ ಅರ್ಥ ಇಷ್ಟೇ.

ನಾವು ಏನು ಮಾಡಬಹುದು

ಉಪನ್ಯಾಸಕರನ್ನಷ್ಟೇ ದೂರಲು ನಾನು ಇದನ್ನು ಬರೆಯುತ್ತಿಲ್ಲ. ಒಂದು ತರಗತಿಯಲ್ಲಿ ತುಂಬಾ ಮಕ್ಕಳು, ಮುಗಿಸಲೇಬೇಕಾದ ಪಠ್ಯ, ಫಲಿತಾಂಶ ಎಷ್ಟು ಎಂದು ಕೇಳುವ ಮೇಲಿನವರು. ಅವರ ಕಷ್ಟ ನಿಜ. “ಪ್ರತಿ ಪ್ರಶ್ನೆಗೂ ಉತ್ತರಿಸುತ್ತಾ ಕೂತರೆ ಪೋರ್ಷನ್ ಮುಗಿಯುವುದಿಲ್ಲ” ಎಂದು ಗೆಳೆಯರಾದ ಒಬ್ಬ ಉಪನ್ಯಾಸಕರು ನನಗೇ ಹೇಳಿದರು. ಒಪ್ಪುತ್ತೇನೆ. ಆದರೆ “ಒಳ್ಳೆಯ ಪ್ರಶ್ನೆ, ಆಮೇಲೆ ಬಾ” ಎನ್ನಲು “ಕುಂದ್ರು” ಎನ್ನುವುದಕ್ಕಿಂತ ಎರಡು ಸೆಕೆಂಡು ಹೆಚ್ಚು ಸಾಕು. ಮಗುವನ್ನು ಉಳಿಸುವುದು ಆ ಎರಡು ಸೆಕೆಂಡು.

ತಂದೆ ತಾಯಿಗಳಾದ ನಾವೂ ಇದರಲ್ಲಿ ಪಾಲುದಾರರು. ನನ್ನ ಮಗ ಚಿಕ್ಕವನಿದ್ದಾಗ ಇಂಥವೇ ಪ್ರಶ್ನೆ ಕೇಳುತ್ತಿದ್ದ. “ಮೊದಲು ಮಾರ್ಕ್ಸ್ ತಗೋ, ಆಮೇಲೆ ಅದೆಲ್ಲ” ಎನ್ನುತ್ತಿದ್ದೆ. ಮಾರ್ಕ್ಸ್ ತಂದ, ನೌಕರಿ ಹಿಡಿದ. ಪ್ರಶ್ನೆಗಳು ಮಾತ್ರ ತಿರುಗಿ ಬರಲಿಲ್ಲ. ಹಿರಿಯರ ಮುಂದೆ ಮಗು ಸುಮ್ಮನಿದ್ದರೆ ಅದು ವಿನಯ, ಎದುರು ಕೇಳಿದರೆ ಉದ್ಧಟತನ ಎಂದು ನಾವು ಇಂದಿಗೂ ತಿಳಿದಿದ್ದೇವೆ. ಅನುಭವ ಮಂಟಪದ ಹೆಸರು ಹೇಳುವ ನಾವು ನಮ್ಮ ಮನೆಯ ಪಡಸಾಲೆಯಲ್ಲಿ ಮಗುವಿನ ಬಾಯಿ ಮುಚ್ಚಿಸುವುದು ಸರಿಯೇ?

ನನ್ನದು ಒಂದು ಚಿಕ್ಕ ಸೂಚನೆ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ಎಷ್ಟೋ ಮಕ್ಕಳು ಹಳ್ಳಿಯಿಂದ ಬಂದು, ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಗೆ ಬಂದ ಕೂಡಲೇ ಇಂಗ್ಲಿಷಿನ ಮುಂದೆ ತಬ್ಬಿಬ್ಬಾಗಿ ನಿಂತಿರುತ್ತಾರೆ. ಊರೂರಲ್ಲಿ ನಿವೃತ್ತ ಎಂಜಿನಿಯರರು, ಮಾಸ್ತರರು, ಬ್ಯಾಂಕಿನವರು ಇದ್ದೇವೆ. ಸಂಜೆ ಕಟ್ಟೆಯ ಮೇಲೆ ಕೂತು ರಾಜಕೀಯ ಮಾತಾಡುವ ಹೊತ್ತಿನಲ್ಲಿ ವಾರಕ್ಕೆ ಒಂದು ತಾಸು ಈ ಮಕ್ಕಳಿಗೆ ಕೊಡೋಣ. ಅದನ್ನು ಟ್ಯೂಷನ್ ಮಾಡಬಾರದು, ಅಂಕದ ಮಾತು ಬರಬಾರದು. ಪ್ರಶ್ನೆ ಮಕ್ಕಳದೇ ಇರಲಿ, ಕನ್ನಡದಲ್ಲೇ ಇರಲಿ. ಉತ್ತರ ಗೊತ್ತಿಲ್ಲದಿದ್ದರೆ “ನನಗೆ ಗೊತ್ತಿಲ್ಲ, ಮುಂದಿನ ವಾರ ಓದಿಕೊಂಡು ಬರ್ತೀನಿ” ಎಂದು ಹೇಳುವ ಧೈರ್ಯ ನಮಗಿರಲಿ. ಡಬ್ಬಿ, ನೀರು, ದಾರ, ಗಡಿಯಾರ ಇಷ್ಟಿದ್ದರೆ ಪ್ರಯೋಗಶಾಲೆಗೆ ಸಾಕು. ಹೆಣ್ಣುಮಕ್ಕಳಿಗೂ ಅಲ್ಲಿ ಸಮನಾದ ಜಾಗ ಇರಲಿ. ಕ್ಲಾಸಿನಲ್ಲಿ ನಗೆಗೆ ಹೆದರಿ ಮೊದಲು ಸುಮ್ಮನಾಗುವವರು ಅವರೇ.

ನಮ್ಮ ಓಣಿಯ ಹುಡುಗಿ ಈಗ ದ್ವಿತೀಯ ಪಿಯುಸಿ. ಪರೀಕ್ಷೆ ಇನ್ನೂ ಮುಂದಿದೆ. ಎಷ್ಟು ಅಂಕ ಬರುತ್ತದೋ ನಾನು ಹೇಳಲಾರೆ. ಇಂಗ್ಲಿಷಿನ ಪ್ರಶ್ನೆಪತ್ರಿಕೆಗೆ ಅವಳಿಗೆ ಈಗಲೂ ಅಂಜಿಕೆ ಇದೆ. ಆದರೆ ಸೈನ್ಸ್ ಬಿಡುವ ಮಾತು ಆಡುತ್ತಿಲ್ಲ. ತರಗತಿಯಲ್ಲಿ ‘ಸೊನ್ನಿ’ ಎಂದು ಯಾರೋ ಕರೆದಾಗ, “ಹೌದು, ಸೊನ್ನಿನೋ ಅಲ್ಲೋ ನೀನ ಹೇಳು ನೋಡೋಣು” ಎಂದಳಂತೆ. ಹೇಳಲು ಯಾರಿಗೂ ಬರಲಿಲ್ಲ. ಆಮೇಲೆ ಅವರಲ್ಲಿ ಇಬ್ಬರು ಅವಳ ಜೊತೆ ನಮ್ಮ ಮನೆಗೆ ಬರತೊಡಗಿದ್ದಾರೆ.

ಹೋದ ವಾರ ಅವಳು ಇನ್ನೊಂದು ಕೇಳಿದಳು: “ನೀರು ಕುದ್ರ ಉಕ್ಕೂದಿಲ್ಲ, ಹಾಲು ಯಾಕ ಉಕ್ಕತೈತ್ರಿ ಅಜ್ಜಾರ?” ಮುಂದಿನ ವಾರ ಬಾ ಎಂದಿದ್ದೇನೆ. ಓದುತ್ತಿದ್ದೇನೆ.